ಸೋಮವಾರದ ರಕ್ತ

"ಈ ರಕ್ತ ನಿಮ್ಮ ತಂಗಿ ಮಗಳದ್ದಲ್ಲ ಮೇಡಂ," ಎಂದಳು ಪ್ರಯೋಗಾಲಯದ ಹುಡುಗಿ ಪಿಟೀಲು.

ಅವಳ ಕೈಯಲ್ಲಿ ಕಿರುಬೆರಳುದ್ದದ ಪ್ಲಾಸ್ಟಿಕ್ ನಳಿಕೆಯಿತ್ತು. ಅದರ ಮೇಲೊಂದು ಚೀಟಿ, ಚೀಟಿಯಲ್ಲಿ ನನ್ನ ತಂಗಿ ಮಗಳ ನೋಂದಣಿ ಸಂಖ್ಯೆ. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಕತ್ತೆ ಚಾಕರಿ ಮಾಡಿದವಳು ನಾನು. ಚೀಟಿ ಒಂದು, ಸರಕು ಇನ್ನೊಂದು ಎನ್ನುವುದು ನನಗೆ ಹೊಸದಲ್ಲ.

"ನಿನ್ನೆ 'ಅನುಮಾನ' ಅಂದೆ. ಇವತ್ತು 'ಅಲ್ಲ' ಅಂತೀಯ. ನಡುವೆ ಏನಾಯ್ತು?"

"ಬೆಳಿಗ್ಗೆ ಬೇಗ ಬಂದು ಇನ್ನೊಂದ್ಸಲ ಮಷೀನಿಗೆ ಹಾಕಿದೆ. ಇದರಲ್ಲಿ ಮಾಸಿನ ಕಣಗಳಿವೆ ಮೇಡಂ. ಹೊಟ್ಟೇಲಿ ಮಗು ನಿಂತಾಗ ಜೊತೆಗೆ ಬೆಳೆಯುತ್ತಲ್ಲ, ಆ ಮಾಸು. ಒಂದೋ ಎರಡೋ ಅಲ್ಲ, ರಾಶಿ. ಇದು ಬಸುರಿ ಹೆಂಗಸಿನ ರಕ್ತ."

ನಾನು ಗೋಡೆ ಗಡಿಯಾರ ನೋಡಿದೆ. ಹತ್ತೂಕಾಲು. ಮಧ್ಯಾಹ್ನ ಎರಡಕ್ಕೆ ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ನನ್ನ ತಂಗಿ ಮಗಳ ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆಯುವುದೆಂದು ತೀರ್ಮಾನವಾಗಿತ್ತು. ಆ ತೀರ್ಮಾನಕ್ಕೆ ಕಾರಣ ಈ ನಳಿಕೆಯ ಪರೀಕ್ಷೆಯಿಂದ ಹೊರಟ ಒಂದು ಸಂಖ್ಯೆ. ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಒಂದು ಮಗು ಬೇಕೆಂದು ಐದು ವರ್ಷದಿಂದ ಕಾಯುತ್ತಿದ್ದಾಳೆ.

"ಅವಳೇ ಬಸುರಿಯಾಗಿದ್ದರೆ?" ಎಂದು ಕೇಳಿದೆ.

"ಇಲ್ಲ. ಇವತ್ತು ಬೆಳಿಗ್ಗೆ ವಾರ್ಡಿನಲ್ಲಿ ಪರೀಕ್ಷೆ ಮಾಡಿದ್ದಾರೆ. ಅಲ್ಲದೆ ರಕ್ತ ಕೊಟ್ಟ ದಿನ ಅವರಿಗೆ ಮುಟ್ಟಿನ ಎರಡನೇ ದಿನ. ನೀವೇ ಕರ್ಕೊಂಡು ಬಂದಿದ್ರಲ್ಲ."

ಹೌದು, ನಾನೇ ಕರೆತಂದಿದ್ದೆ. ಮೂರು ವಾರದ ಹಿಂದಿನ ಮಂಗಳವಾರ. ಬಸ್ಸಿನಲ್ಲಿ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಹೊಲಿಗೆ ಅಂಗಡಿ ನಡೆಸುವ ಹೆಣ್ಣು. ಪ್ರತಿ ತಿಂಗಳೂ ನಾಲ್ಕು ದಿನ ಅಂಗಡಿಯ ಬಾಗಿಲು ಹಾಕಿ, ಕತ್ತರಿಸಿದ ಬಟ್ಟೆಗಳ ನಡುವೆ ನೆಲದ ಮೇಲೆ ಮುದುಡಿಕೊಳ್ಳುತ್ತಾಳೆ. ಹನ್ನೊಂದು ವರ್ಷದಿಂದ ತೋರಿಸಿದ ಡಾಕ್ಟರುಗಳೆಲ್ಲ ಹೇಳಿದ್ದು ಒಂದೇ ಮಾತು: ಎಲ್ಲ ಹೆಂಗಸರಿಗೂ ಇರೋದೇ ಅಮ್ಮ. ಆ ಮಾತು ಕೇಳಿದಾಗಲೆಲ್ಲ ನನಗೆ ನನ್ನ ಹಳೇ ಲಾಠಿ ನೆನಪಾಗುತ್ತದೆ.

ಪಿಟೀಲು ಎನ್ನುವುದು ಅಡ್ಡಹೆಸರು. ಕಡ್ಡಿಯಂಥ ಮೈ, ಮೇಲಿನ ತಂತಿ ಮೀಟಿದಂಥ ಕೀಚಲು ದನಿ. ಯಾರೋ ಇಟ್ಟರು, ಅಂಟಿಕೊಂಡಿತು. ಈ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ನಾಲ್ಕು ದಿನದ ಹಿಂದೆ ತಾನಾಗಿ ನನ್ನ ಮನೆ ಬಾಗಿಲು ತಟ್ಟಿ, "ನಿಮ್ಮ ಹುಡುಗಿಯ ಸಂಖ್ಯೆಯಲ್ಲಿ ಏನೋ ಎಡವಟ್ಟಿದೆ" ಎಂದವಳು ಇವಳೇ. ಮೊದಲಿಗೆ ನನ್ನ ಅನುಮಾನವೂ ಇವಳ ಮೇಲೇ ಬಿದ್ದಿತ್ತು. ಕರೆಯದೆ ಠಾಣೆಗೆ ಬರುವವರ ಮೇಲೆ ನನಗೆ ಯಾವತ್ತೂ ಒಂದು ಕಣ್ಣು.

ಆವತ್ತು ಅವಳು ನಮ್ಮನೆಯ ಹಳೇ ಪೇಪರಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಚುಕ್ಕಿಗಳನ್ನು ಇಟ್ಟು ಪಾಠ ಮಾಡಿದ್ದಳು. ಮೈಯ ಒಂದೊಂದು ಜೀವಕೋಶವೂ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ಕಟ್ಟಿ ಹೊರಗೆ ಬಿಡುತ್ತದಂತೆ. ಎಕ್ಸೋಸೋಮ್ ಎಂದು ಅವುಗಳ ಹೆಸರು. ಚೀಲದೊಳಗೆ ಆ ಕೋಶದ ಸುದ್ದಿ ಇರುತ್ತದೆ. ಅಂಡಾಶಯದ್ದು ಗರ್ಭಕೋಶಕ್ಕೆ, ಗರ್ಭಕೋಶದ್ದು ಮಗುವಿಗೆ, ಮಗುವಿನ ಮಾಸಿನದು ತಾಯಿಯ ಇಡೀ ಮೈಗೆ. ಬಸಿರು ನಿಂತ ಆರೇಳು ವಾರಕ್ಕೆ ಮಾಸಿನ ಚೀಲಗಳು ತಾಯಿಯ ರಕ್ತದಲ್ಲಿ ಓಡಾಡಲು ಶುರು. ಕಾಯಿಲೆ ಬಿದ್ದ ಕೋಶವೂ ಸುಮ್ಮನಿರುವುದಿಲ್ಲ. ತನ್ನ ಕೆಟ್ಟ ಸುದ್ದಿಯನ್ನು ಹಾಗೇ ಕಟ್ಟಿ ಕಳಿಸುತ್ತದೆ.

"ಅಂದ್ರೆ ಬಾತ್ಮೀದಾರರು," ಎಂದಿದ್ದೆ ನಾನು.

"ಅದೇ. ಸ್ಕ್ಯಾನಿನಲ್ಲಿ ಗಡ್ಡೆ ಕಾಣೋಕೆ ಮುಂಚೆ ಇವು ಬಾಯಿ ಬಿಡ್ತವೆ. ಹೆಂಗಸರ ನೋವನ್ನ ಹನ್ನೊಂದು ವರ್ಷ ನಂಬದೇ ಇರೋರಿಗೆ ಒಂದು ತೊಟ್ಟು ರಕ್ತದಲ್ಲಿ ಸಾಕ್ಷಿ ತೋರಿಸಬೇಕು ಅಂತಾನೇ ನಾನು ಈ ಕೆಲಸಕ್ಕೆ ಬಂದಿದ್ದು. ನಂದೂ ಅದೇ ಗೋಳು ಮೇಡಂ. ಮುಟ್ಟು ಅನ್ನೋದು ಬಂದ್ರೆ ಬಂತು, ಇಲ್ಲದಿದ್ರೆ ನಾಲ್ಕು ತಿಂಗಳು ನಾಪತ್ತೆ. ಮಕ್ಕಳ ಆಸೆ ಇಟ್ಕೋಬೇಡಿ ಅಂದ್ಬಿಟ್ಟಿದ್ದಾರೆ."

ಅದನ್ನು ನಗುತ್ತಲೇ ಹೇಳಿದ್ದಳು. ನಾನು ಆ ನಗುವನ್ನು ನೋಡಿ, ಪಾಪ ಎಂದುಕೊಂಡು, ಮರೆತುಬಿಟ್ಟಿದ್ದೆ.

ಈಗ ಅವಳು ಪೆನ್ನಿಗಾಗಿ ಮೇಜು ತಡಕಾಡುತ್ತಿದ್ದಳು. ಪೆನ್ನು ಅವಳ ತುರುಬಿನಲ್ಲೇ ಸಿಕ್ಕಿಕೊಂಡಿತ್ತು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದಳಂತೆ," ಎಂದು ನಾನು ಅದನ್ನು ಕಿತ್ತು ಕೊಟ್ಟೆ. "ಮುಖ ನೋಡು, ಸುಣ್ಣ ಬಳಿದ ಹಾಗಿದೆ. ತಂದ ಕಾಫಿ ಹಾಗೇ ಇದೆ. ಏನಾದರೂ ತಿಂದಿದ್ದೀಯಾ?"

"ಕಾಫಿ ವಾಸನೇನೇ ಆಗ್ತಿಲ್ಲ ಮೇಡಂ. ನಿದ್ದೆಗೆಟ್ಟು ಪಿತ್ತ ಏರಿದೆ. ನಿಮ್ಮ ಕೇಸು ಮುಗೀಲಿ, ಎರಡು ದಿನ ಮಲಗಿಬಿಡ್ತೀನಿ."

ನಾನು ಮೊದಲು ದೊಡ್ಡ ಡಾಕ್ಟರಿಗೆ ಫೋನ್ ಮಾಡಿದೆ. ಈ ಚೀಲಗಳ ಅಧ್ಯಯನದ ಮುಖ್ಯಸ್ಥರೂ ಅವರೇ, ಮಧ್ಯಾಹ್ನ ಕತ್ತಿ ಹಿಡಿಯುವವರೂ ಅವರೇ. ಸಂಶೋಧನೆಯ ಸಂಖ್ಯೆ ರೋಗಿಯ ಕಡತಕ್ಕೆ ಹೋಗಕೂಡದೆಂಬ ನಿಯಮವಿದೆ. ಸ್ಕ್ಯಾನಿನಲ್ಲಿ ಒಂದು ಗಡ್ಡೆ ಕಂಡದ್ದೇ ತಡ, ಅವರು ನಿಯಮ ಬದಿಗಿಟ್ಟು ಸಂಖ್ಯೆಯತ್ತ ಇಣುಕಿದ್ದರು. ಅಂಡಾಶಯದ ಕ್ಯಾನ್ಸರ್ ಇರಬಹುದು ಎಂದಿತ್ತು ಸಂಖ್ಯೆ.

"ಒಬ್ಬ ಹುಡುಗಿ ಮಷೀನಿನ ಮಾತು ಕೇಳಿದಳು ಅಂತ ನಾನು ಆಪರೇಷನ್ ನಿಲ್ಲಿಸಲಾ?" ಎಂದರು ಅವರು.

"ಅದೇ ಮಷೀನಿನ ಮಾತು ಕೇಳಿ ನೀವು ಆಪರೇಷನ್ ಮಾಡೋಕೆ ಹೊರಟಿದ್ದೀರಲ್ಲ ಸ್ವಾಮಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ."

ಆ ಕಡೆ ಅವರು ಕಡತ ತಿರುವುವ ಸದ್ದು ಬಂತು.

"ಹೊಸದಾಗಿ ರಕ್ತ ತೆಗೆದು ನೋಡಿ," ಎಂದೆ.

"ಹೊಸ ರಕ್ತದಿಂದ ಎಕ್ಸೋಸೋಮ್ ಬೇರ್ಪಡಿಸೋಕೇ ಐದು ದಿನ ಬೇಕು. ನಾಳೆಯಿಂದ ಒಂದು ತಿಂಗಳು ನಾನು ಊರಲ್ಲಿಲ್ಲ. ಆ ಗಡ್ಡೆ ಅಲ್ಲೀತನಕ ಕಾಯುತ್ತೆ ಅಂತ ನೀವು ಬರೆದುಕೊಡ್ತೀರಾ? ಬರೀ ಅನುಮಾನ ನನಗೆ ಬೇಡ ಮೇಡಂ. ಆ ನಳಿಕೆಗೆ ಬೇರೆ ರಕ್ತ ಹೇಗೆ ಬಂತು ಅನ್ನೋದನ್ನ ಗೊತ್ತಿರೋರು ಒಂದೂವರೆ ಒಳಗೆ ನನಗೆ ಹೇಳಲಿ. ಆಗ ಗಡ್ಡೆ ಮಾತ್ರ ತೆಗೀತೀನಿ, ಉಳಿದದ್ದನ್ನ ಮುಟ್ಟಲ್ಲ."

ಅವರು ಕೆಟ್ಟ ಮನುಷ್ಯರೆಂದು ಹೇಳಲಾರೆ. ಅವಸರದ ಮನುಷ್ಯರು.

ಆಪರೇಷನ್ ಬೇಡವೆಂದು ತಂಗಿ ಮಗಳೇ ಹೇಳಬಹುದಿತ್ತು. ಬೆಳಿಗ್ಗೆ ಅವಳ ಮಂಚದ ಬಳಿ ಕೂತು ನಾನು ಅದನ್ನೇ ಹೇಳಿದ್ದೆ. ಅವಳು ನನ್ನ ಸೆರಗಿನ ಅಂಚನ್ನು ಬೆರಳಲ್ಲಿ ಮಡಿಚುತ್ತ, ಹೊಲಿಗೆ ಬಿಟ್ಟಿದೆಯೇ ಎಂದು ನೋಡುವವಳಂತೆ, ತಲೆಯೆತ್ತದೆ ಮಾತಾಡಿದಳು.

"ಖಾತ್ರಿ ಇಲ್ಲದೆ ನಿಲ್ಲಿಸು ಅನ್ಬೇಡ ದೊಡ್ಡಮ್ಮ. ಕ್ಯಾನ್ಸರೇ ಆಗಿದ್ರೆ? ನಾನು ಹೋದರೆ ಅಮ್ಮ ಬದುಕ್ತಾಳಾ? ಮಗು ಇಲ್ಲದಿದ್ರೆ ಇಲ್ಲ, ಜೀವ ಇರಲಿ." ಆಮೇಲೆ ಸೆರಗು ಬಿಟ್ಟು ಗೋಡೆಯ ಕಡೆ ತಿರುಗಿದಳು. "ಖಾತ್ರಿ ತಂದುಕೊಟ್ಟರೆ ನಿನ್ನ ಕಾಲಿಗೆ ಬೀಳ್ತೀನಿ."

ನನ್ನ ಕಾಲಿಗೆ ಬೀಳುವುದು ಬೇಡ, ಮೊದಲೇ ಮಂಡಿ ನೋವು ಎಂದು ತಮಾಷೆ ಮಾಡಿ ಎದ್ದು ಬಂದಿದ್ದೆ. ಮೆಟ್ಟಿಲಲ್ಲಿ ಒಬ್ಬಳೇ ಅತ್ತದ್ದನ್ನು ಯಾರೂ ನೋಡಲಿಲ್ಲ.

ಒಂದೂವರೆಗೆ ಇನ್ನು ಮೂರು ಗಂಟೆ.

"ಆ ಮಂಗಳವಾರ ರಕ್ತ ಕೊಟ್ಟೋರು ಒಟ್ಟು ಎಷ್ಟು ಜನ?"

"ಹನ್ನೊಂದು. ಚೀಟಿ ಅದಲುಬದಲಾಗಿದ್ರೆ ಅವರಲ್ಲೇ ಒಬ್ಬರು ಬಸುರಿ ಇರಬೇಕು ಅಂತ ಎಲ್ಲರಿಗೂ ಫೋನ್ ಮಾಡಿದೆ. ಏಳು ಜನ ವಯಸ್ಸಾಗಿ ಮುಟ್ಟು ನಿಂತವರು. ಒಬ್ಬರಿಗೆ ಗರ್ಭಕೋಶವೇ ಇಲ್ಲ. ಉಳಿದ ಇಬ್ಬರು ಪರೀಕ್ಷೆ ಮಾಡಿಸ್ಕೊಂಡು ಹೇಳಿದರು, ಇಲ್ಲ ಅಂತ."

"ಒಂಬತ್ತು, ಹತ್ತು. ಹನ್ನೊಂದನೆಯವಳು ನಮ್ಮವಳು. ಅಂದರೆ ಅದಲುಬದಲಲ್ಲ. ಪಟ್ಟಿಯಲ್ಲಿ ಇಲ್ಲದ ಹೆಂಗಸಿನ ರಕ್ತ ಇದು."

"ಆ ಹೆಂಗಸು ಯಾರೋ ಏನೋ," ಎಂದು ಪಿಟೀಲು ಕುರ್ಚಿ ಹಿಡಿದುಕೊಂಡು ಕೂತಳು. "ನನಗೆ ರಾತ್ರಿಯಿಂದ ಅದೇ ಸಂಕಟ ಮೇಡಂ. ನಿಮ್ಮ ಹುಡುಗಿ ಬಚಾವಾದರೂ ಸಂಖ್ಯೆ ಸುಳ್ಳಾಗಲ್ಲವಲ್ಲ. ಬಸಿರಿನಲ್ಲಿ ಕ್ಯಾನ್ಸರಿನ ಒಂದೊಂದು ಗುರುತು ತಾನಾಗೇ ಏರುತ್ತೆ, ಅದಷ್ಟೇ ಆಗಿದ್ರೆ ಸಿಹಿ ಸುದ್ದಿ. ಆದರೆ ಇಷ್ಟು ಏರಿದ್ದನ್ನ ನಾನು ನೋಡಿಲ್ಲ. ಹೊಟ್ಟೇಲಿ ಮಗು, ಪಕ್ಕದಲ್ಲೇ ಆ ಕಾಯಿಲೆ, ಎರಡೂ ಇದ್ದರೆ ಅವಳಿಗೆ ಒಂದೊಂದು ದಿನವೂ ಮುಖ್ಯ. ಅವಳಿಗೆ ಗೊತ್ತೇ ಇರಲ್ಲ, ಎಲ್ಲೋ ಆರಾಮಾಗಿ ಓಡಾಡ್ಕೊಂಡಿರ್ತಾಳೆ."

ಒಂದು ಹೆಣ್ಣನ್ನು ಉಳಿಸಲು ಬಂದವಳಿಗೆ ಇನ್ನೊಬ್ಬಳು ಗಂಟುಬಿದ್ದಳಲ್ಲ ಎಂದು ನನಗೆ ರೇಗಿತು. ಆದರೆ ಇವಳು ಹೇಳುವುದೂ ನಿಜ.

ನಾನು ನಳಿಕೆಯನ್ನು ಬೆಳಕಿಗೆ ಹಿಡಿದೆ. ತಿಳಿಯಾದ ದ್ರವ, ಒಣಹುಲ್ಲಿನ ಬಣ್ಣ. ರಕ್ತ ತೆಗೆದ ಮೇಲೆ ಅದನ್ನು ಮಷೀನಿನಲ್ಲಿ ಗಿರಗಿರ ತಿರುಗಿಸುತ್ತಾರೆ. ಕೆಂಪೆಲ್ಲ ತಳಕ್ಕಿಳಿದು ಮೇಲೆ ಈ ಹಳದಿ ನೀರು ನಿಲ್ಲುತ್ತದೆ. ಬಾತ್ಮೀದಾರರು ಇರುವುದು ಇದರಲ್ಲೇ.

"ಎಲ್ಲರದ್ದೂ ಹೀಗೇ ತಿಳಿಯಾಗಿರುತ್ತಾ?"

"ಸಲೀಸಾಗಿ ತೆಗೆದಿದ್ರೆ ಹೀಗೇ. ನರ ಸಿಗದೆ ಹಿಂಡಿ ಹಿಂಡಿ ತೆಗೆದರೆ ರಕ್ತದ ಕಣ ಒಡೆದು ನೀರು ಕೆಂಪಗಾಗುತ್ತೆ. ಅಂಥದ್ದನ್ನ ನಾವು ಚೆಲ್ಲಿಬಿಟ್ಟು ಇನ್ನೊಂದ್ಸಲ ತಗೋತೀವಿ."

ನನಗೆ ತಂಗಿ ಮಗಳ ತೋಳು ಕಣ್ಣ ಮುಂದೆ ಬಂತು. ಆ ಮಂಗಳವಾರ ಮೂರು ಕಡೆ ಚುಚ್ಚಿಸಿಕೊಂಡು ಹೊರಗೆ ಬಂದಿದ್ದಳು. ವಾರವಿಡೀ ತೋಳಿನ ಮೇಲೆ ನೇರಳೆ ಹಣ್ಣಿನಷ್ಟು ದೊಡ್ಡ ಮೂರು ಕಲೆ. "ತೊಟ್ಟು ತೊಟ್ಟಾಗಿ ಬಂತು ದೊಡ್ಡಮ್ಮ, ಆ ಅಕ್ಕನಿಗೇ ಬೇಜಾರಾಗಿ ನನ್ನ ತಲೆ ಸವರಿದರು" ಎಂದಿದ್ದಳು. ಅಷ್ಟು ಒದ್ದಾಡಿ ತೆಗೆದ ರಕ್ತದಿಂದ ಇಷ್ಟು ತಿಳಿಯಾದ ನೀರು ಬಂದೀತೇ?

"ನಳಿಕೆ ಇಡೋ ತಣ್ಣನೆ ಕಪಾಟಿನ ಬೀಗದ ಕೈ ಎಷ್ಟು ಜನರ ಹತ್ತಿರ ಇದೆ?"

"ಮೂರು. ದೊಡ್ಡ ಡಾಕ್ಟರು, ನಾನು, ಮೇಲೆ ರಕ್ತ ತೆಗೆಯೋ ರಕ್ತದಕ್ಕ."

ದೊಡ್ಡ ಡಾಕ್ಟರು ಅವಸರದವರು, ಆದರೆ ನಳಿಕೆ ಮುಟ್ಟುವವರಲ್ಲ; ಅವರಿಗೆ ಕಪಾಟು ಯಾವ ಕಡೆ ತೆರೆಯುತ್ತದೆ ಎಂಬುದೂ ಗೊತ್ತಿರಲಾರದು. ಪಿಟೀಲು ತಪ್ಪು ಮಾಡಿದ್ದರೆ ತಾನೇ ಬಂದು ನನ್ನ ಕದ ತಟ್ಟುತ್ತಿರಲಿಲ್ಲ. ಉಳಿದದ್ದು ಒಂದೇ ಕೈ.

"ನೀನು ಇಲ್ಲೇ ಇದ್ದು ಪಟ್ಟಿ ಇನ್ನೊಂದ್ಸಲ ನೋಡು," ಎಂದು ಎದ್ದೆ. "ಏನಾದರೂ ತಿಂದು ಸಾಯಿ ಮೊದಲು."

ರಕ್ತದಕ್ಕನ ಕೋಣೆ ಮೊದಲನೇ ಮಹಡಿಯ ಮೂಲೆಯಲ್ಲಿದೆ. ಒಂದು ಎತ್ತರದ ಕುರ್ಚಿ, ತೋಳಿಡಲು ದಿಂಬು, ಕಿಟಕಿಯ ಬಳಿ ತಿರುಗಿಸುವ ಮಷೀನು, ಅದರ ಪಕ್ಕ ತಣ್ಣನೆ ಕಪಾಟು, ಗೋಡೆಗೆ ಅಂಟಿಸಿದ ಬೆಕ್ಕಿನ ಮರಿಗಳ ಚಿತ್ರ. ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯ ಪಕ್ಕ ನಿಂತಿರುವ ಹೆಂಗಸು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ರಕ್ತ ತೆಗೆಯುತ್ತಾರೆಂದು ಆಸ್ಪತ್ರೆಯೆಲ್ಲ ಹೊಗಳುತ್ತದೆ. ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಬೇಕಾಗುತ್ತದೆ.

ಸಾಲಿನಲ್ಲಿದ್ದ ಕೊನೆಯವರು ಹೋಗುವತನಕ ಕಾದು ನಾನು ಕುರ್ಚಿ ಹತ್ತಿ ಕೂತು ತೋಳು ಚಾಚಿದೆ.

"ಚೀಟಿ ಎಲ್ಲಿ ಮೇಡಂ?"

"ಚೀಟಿ ಇಲ್ಲ. ಸಕ್ಕರೆ ಇದೆಯೋ ಏನೋ, ಸುಮ್ಮನೆ ನೋಡಿ."

ಅವರು ನನ್ನನ್ನು ಗುರುತು ಹಿಡಿದರು. ಒಂದು ಕ್ಷಣ ತಡೆದು, ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದರು. ನನ್ನ ನರಗಳು ಹಗ್ಗದ ಹಾಗಿವೆ, ಕುರುಡರೂ ಚುಚ್ಚಬಹುದು.

"ಮೂರು ವಾರದ ಹಿಂದೆ ಒಂದು ಹುಡುಗಿ ಬಂದಿದ್ದಳು," ಎಂದೆ. "ದರ್ಜಿ ಹುಡುಗಿ. ನೋವಿಗೆ ಬಾಗಿ ಹೋಗಿದ್ದಳು. ನೀವು ಅವಳ ತಲೆ ಸವರಿದ್ದಿರಂತೆ."

ಸೂಜಿ ಒಳಗೆ ಹೋಯಿತು. ರಕ್ತ ಬರಲಿಲ್ಲ.

"ಎಷ್ಟೋ ಜನ ಬರ್ತಾರೆ ಮೇಡಂ," ಎಂದು ಸೂಜಿ ಹೊರಗೆ ತೆಗೆದು ಹತ್ತಿ ಒತ್ತಿದರು.

"ಅವಳಿಗೆ ಮೂರು ಸಲ ಚುಚ್ಚಿದ್ದಿರಿ. ರಕ್ತ ಕೆಟ್ಟಿತ್ತು, ಅಲ್ವಾ?"

"ಇಲ್ಲ. ಸರಿಯಾಗಿಯೇ ಇತ್ತು."

"ನಾನು ಕೇಳಿದ್ದು ಅವಳ ರಕ್ತ ಕೆಟ್ಟಿತ್ತಾ ಅಂತ ಮಾತ್ರ. ನೀವ್ಯಾಕೆ ಕಪಾಟಿನ ಕಡೆ ನೋಡ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಅಂಥ ನೋಟ ಅದು. ಆದರೆ ಠಾಣೆಯಲ್ಲಿ ನಾನು ಕಂಡ ಕಳ್ಳರ ಮುಖ ಹೀಗಿರುತ್ತಿರಲಿಲ್ಲ. ಇದು ಮೂರು ವಾರ ಯಾರಾದರೂ ಕೇಳಲೆಂದು ಕಾದ ಮುಖ. ನಾನು ದನಿ ಇಳಿಸಿದೆ.

"ಅಕ್ಕ, ಇವತ್ತು ಎರಡು ಗಂಟೆಗೆ ಅವಳ ಗರ್ಭಕೋಶ ತೆಗೀತಾರೆ. ಎರಡೂ ಅಂಡಾಶಯ ಕೂಡ. ನೀವು ತುಂಬಿದ ನಳಿಕೆಯಿಂದ ಬಂದ ಸಂಖ್ಯೆ ನೋಡಿ ಮಾಡಿದ ತೀರ್ಮಾನ ಅದು."

"ತೆಗೀತಾರಾ?" ರಕ್ತದಕ್ಕ ಮೇಜಿನ ಅಂಚು ಹಿಡಿದುಕೊಂಡರು. "ಅದು ಬರೀ ಸಂಶೋಧನೆ ಅಂದಿದ್ರು. ಆ ಸಂಖ್ಯೆ ನೋಡಿ ಯಾರಿಗೂ ಔಷಧಿ ಕೂಡ ಕೊಡಲ್ಲ ಅಂದಿದ್ರು. ನಮಗೆಲ್ಲ ಕೂರಿಸಿ ಹೇಳಿದ್ರು."

"ಹೇಳಿದವರೇ ಮರೆತರು. ಏನಾಯ್ತು ಹೇಳಿ."

ಅವರು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದರು. ಮೂರನೇ ಸಲದ ರಕ್ತವೂ ತಿರುಗಿಸಿದ ಮೇಲೆ ಕೆಂಪಾಗಿಯೇ ನಿಂತಿತ್ತು. ಒಂದು ತಿಂಗಳೊಳಗೆ ಹಾಗೆ ಕೆಟ್ಟದ್ದು ಅದು ನಾಲ್ಕನೆಯದು. ಕಣ್ಣು ಮೊದಲಿನಂತಿಲ್ಲ, ಹತ್ತಿರದ್ದು ಮಸುಕು. ಇನ್ನೊಂದು ಕೆಟ್ಟರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ದೊಡ್ಡ ಡಾಕ್ಟರು ಎಲ್ಲರ ಮುಂದೆ ಅಂದಿದ್ದರು.

"ಕೆಲಸದ ಭಯ ಇತ್ತು, ಸುಳ್ಳು ಹೇಳಲ್ಲ. ಆದರೆ ಆ ಹುಡುಗಿ ಹೊರಗೆ ಬೆಂಚಿನ ಮೇಲೆ ಹೊಟ್ಟೆ ಹಿಡ್ಕೊಂಡು ಕೂತಿತ್ತು ಮೇಡಂ. ನಾಲ್ಕನೇ ಸಲ ಕರೆದು ಚುಚ್ಚೋಕೆ ನನ್ನ ಕೈ ಬರ್ಲಿಲ್ಲ. ನನ್ನ ಮಗಳ ವಯಸ್ಸು. ಹೋಗಮ್ಮ, ಆಯ್ತು ಅಂದ್ಬಿಟ್ಟೆ."

"ಆಮೇಲೆ?"

"ಆರೋಗ್ಯದ ನಳಿಕೆಯಿಂದ ಸ್ವಲ್ಪ ತೆಗೆದು ಅವಳ ಚೀಟಿ ಅಂಟಿಸಿದ ನಳಿಕೆಗೆ ಹಾಕಿದೆ."

"ಅದ್ಯಾವುದು?"

"ಪ್ರತಿ ತಿಂಗಳ ಮೊದಲನೇ ಸೋಮವಾರ ನಮ್ಮಲ್ಲೇ ಒಬ್ಬರು ಸರದಿ ಮೇಲೆ ರಕ್ತ ಕೊಡ್ತೀವಿ. ಮಷೀನು ಸರಿಯಾಗಿ ಎಣಿಸುತ್ತೋ ಇಲ್ವೋ ನೋಡೋಕೆ. ಅದಕ್ಕೆ ಹೆಸರು ಬರೆಯಲ್ಲ, ಆರೋಗ್ಯ ಅಂತ ಬರೆದು ತಾರೀಖು ಹಾಕ್ತೀವಿ. ಆ ಮಂಗಳವಾರದ ಹಿಂದಿನ ದಿನವೇ ತೆಗೆದಿದ್ದೆ, ತಾಜಾ ಇತ್ತು. ಆರೋಗ್ಯವಾಗಿರೋರ ರಕ್ತ ಹಾಕಿದರೆ ಆರೋಗ್ಯ ಅಂತಾನೇ ಬರುತ್ತೆ, ಯಾರಿಗೂ ತೊಂದರೆ ಇಲ್ಲ ಅಂದ್ಕೊಂಡೆ."

"ಆ ರಕ್ತದಲ್ಲಿ ಕಾಯಿಲೆ ಇದೆಯಾ ಅಂತ ಯಾರೂ ನೋಡಿರಲಿಲ್ವಾ?"

"ಕಣ ಎಷ್ಟಿದೆ ಅಂತ ಎಣಿಸ್ತಾರೆ, ಅಷ್ಟೆ. ಆರೋಗ್ಯವಾಗಿರೋರಲ್ಲಿ ಕಾಯಿಲೆ ಯಾರು ಹುಡುಕ್ತಾರೆ ಮೇಡಂ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಹುಡುಗಿಯ ಅಳು ನೋಡಲಾರದೆ ಮಾಡಿದ ಕೆಲಸ ಅವಳ ಹೊಟ್ಟೆಯನ್ನೇ ಬರಿದು ಮಾಡಲು ಹೊರಟಿತ್ತು.

"ಇದನ್ನ ದೊಡ್ಡ ಡಾಕ್ಟರಿಗೆ ಹೇಳ್ತೀರಾ?"

"ಫೋನ್ ಕೊಡಿ," ಎಂದರು ರಕ್ತದಕ್ಕ. "ಕೆಲಸ ಹೋದರೆ ಹೋಗಲಿ. ಇಪ್ಪತ್ತೆರಡು ವರ್ಷ ಮಾಡಿ ಆಯ್ತಲ್ಲ."

ಅವರು ನಿಂತುಕೊಂಡೇ ಹೇಳಿದರು. ಒಂದು ಮಾತನ್ನೂ ಮುಚ್ಚಿಡಲಿಲ್ಲ, ಒಂದು ನೆಪವನ್ನೂ ಸೇರಿಸಲಿಲ್ಲ. ಕಣ್ಣು ಮಸುಕಾದದ್ದನ್ನೂ ಹೇಳಿಬಿಟ್ಟರು. ಹನ್ನೆರಡು ಹೊಡೆಯಲು ಐದು ನಿಮಿಷವಿತ್ತು. ಫೋನು ಮತ್ತೆ ನನ್ನ ಕೈಗೆ ಬಂದಾಗ ದೊಡ್ಡ ಡಾಕ್ಟರ ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

"ಗಡ್ಡೆ ಮಾತ್ರ ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಉಳಿದದ್ದಕ್ಕೆ ಕೈ ಹಚ್ಚಲ್ಲ. ನಿಮ್ಮ ಹುಡುಗಿಗೆ ನಾನೇ ಹೋಗಿ ಹೇಳ್ತೀನಿ." ಆಮೇಲೆ ದನಿ ತಗ್ಗಿಸಿದರು. "ಮೇಡಂ, ಆ ಸಂಖ್ಯೆ ಯಾರದೋ ಅವರನ್ನ ಇವತ್ತೇ ನನ್ನ ಹತ್ತಿರ ಕರ್ಕೊಂಡು ಬನ್ನಿ. ನಾಳೆ ನಾನಿರಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ತಂಗಿ ಮಗಳು ಸಂಜೆ ಎಚ್ಚರವಾಗುತ್ತಾಳೆ, ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಾಳೆ, ನನ್ನನ್ನು ಕೇಳುತ್ತಾಳೆ. ಇದೆ ಮಗಳೇ, ಎಲ್ಲ ಇದೆ ಎನ್ನುತ್ತೇನೆ.

ಕಣ್ಣು ತೆರೆದಾಗ ರಕ್ತದಕ್ಕ ನನ್ನನ್ನೇ ನೋಡುತ್ತಿದ್ದರು.

"ಅದೆಂಥ ಸಂಖ್ಯೆ ಮೇಡಂ? ಆರೋಗ್ಯದ ನಳಿಕೆಯಲ್ಲಿ ಏನು ಬಂತು?"

ಅವರಿಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕಾಯಿತು.

"ಆ ರಕ್ತ ಕೊಟ್ಟವಳು ಬಸುರಿ. ಮೂರು ವಾರದ ಹಿಂದೆಯೇ. ಜೊತೆಗೆ ಕ್ಯಾನ್ಸರಿನ ಗುರುತೂ ಇರಬಹುದು. ಬಸಿರಿನದೇ ಏರುಪೇರೋ, ನಿಜವಾಗಿ ಕಾಯಿಲೆಯೋ, ಅವಳನ್ನ ಕೂರಿಸಿ ನೋಡಿದರೇನೇ ಗೊತ್ತಾಗೋದು. ನಿಮ್ಮ ರಕ್ತವಾ ಅದು?"

"ನನಗೆ ಐವತ್ತಮೂರು," ಎಂದರು. "ನನ್ನದಾಗಿದ್ರೆ ಚೆನ್ನಾಗಿತ್ತು."

"ಮತ್ತೆ ಯಾರದು? ಆ ಸೋಮವಾರ ಯಾರ ಸರದಿ?"

ಅವರು ಬಾಗಿಲ ಕಡೆ ನೋಡಿದರು. ಆಚೆ ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು. ನಾಲ್ಕು ಮೆಟ್ಟಿಲು ಹತ್ತಿ ನಿಲ್ಲುವುದು, ಮತ್ತೆ ನಾಲ್ಕು ಹತ್ತಿ ನಿಲ್ಲುವುದು.

"ನಗ್ತಾ ನಗ್ತಾ ಕೊಟ್ಟಳು ಮೇಡಂ," ಎಂದರು ರಕ್ತದಕ್ಕ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ನನ್ನಷ್ಟು ಗಟ್ಟಿ ಯಾರಿದ್ದಾರೆ ಅಕ್ಕ, ಇನ್ನೆರಡು ಚಮಚ ಜಾಸ್ತಿ ತಗೋ ಅಂದಳು. ಆ ತಿಂಗಳ ಸರದಿ ಪಿಟೀಲಿನದು."

ಕುಡಿಯದೆ ಬಿಟ್ಟ ಕಾಫಿ. ಸುಣ್ಣದಂಥ ಮುಖ. ನಾಲ್ಕು ತಿಂಗಳು ನಾಪತ್ತೆಯಾಗುವ ಮುಟ್ಟು. ಎಲ್ಲ ನನ್ನ ಕಣ್ಣೆದುರೇ ಇತ್ತು. ಬೆಳಿಗ್ಗೆ ಅವಳ ತುರುಬಿನಿಂದ ಪೆನ್ನು ಕಿತ್ತು ನಾನು ಆಡಿದ ಗಾದೆ ಈಗ ನನ್ನ ಕೆನ್ನೆಗೇ ಬಾರಿಸಿತು.

ಬಾಗಿಲು ತೆರೆಯಿತು. ಪಿಟೀಲು ಚೌಕಟ್ಟಿಗೆ ಒರಗಿ ಉಸಿರು ತೆಗೆದುಕೊಂಡಳು. ಕೈಯಲ್ಲಿ ಹನ್ನೊಂದು ಹೆಂಗಸರ ಪಟ್ಟಿ.

"ದೊಡ್ಡ ಡಾಕ್ಟರು ಫೋನ್ ಮಾಡಿದ್ರು. ಅಕ್ಕ ಬೇರೆ ಯಾವುದೋ ನಳಿಕೆಯಿಂದ ತುಂಬಿದ್ದಂತೆ, ನಿಮ್ಮ ಹುಡುಗಿ ಗೆದ್ದಳಂತಲ್ಲ ಮೇಡಂ." ಅವಳ ಕಣ್ಣು ಒದ್ದೆಯಾಗಿತ್ತು. "ಮತ್ತೆ ಆ ಇನ್ನೊಬ್ಬಳು? ಗೊತ್ತಾಯ್ತಾ ಯಾರಂತ?"

ರಕ್ತದಕ್ಕ ಅವಳ ಕೈಯ ಪಟ್ಟಿ ತೆಗೆದುಕೊಂಡು ಮೇಜಿನ ಮೇಲಿಟ್ಟರು.

"ಗೊತ್ತಾಗಿದ್ರೆ ನೀವು ಹೇಳೋಕೆ ಹೋಗ್ಬೇಡಿ, ನಿಮ್ಮದು ಠಾಣೆ ಬಾಯಿ. ನಾನು ಹೇಳ್ತೀನಿ. ಮೊದಲು ಮಗು ವಿಷಯ ಹೇಳ್ಬೇಕು. ಅದನ್ನ ಕೇಳಿ ಅವಳು ಒಂದು ನಿಮಿಷ ಖುಷಿಪಡಲಿ. ಉಳಿದದ್ದು ಆಮೇಲೆ, ಕೈ ಹಿಡ್ಕೊಂಡು."

ನಾನು ಎತ್ತರದ ಕುರ್ಚಿಯಿಂದ ಇಳಿದೆ. ಮಂಡಿ ಕಟಕಟ ಅಂದಿತು. ಕುರ್ಚಿಯನ್ನು ಅವಳ ಕಡೆ ತಿರುಗಿಸಿದೆ.

"ಇಲ್ಲಿ ಕೂತ್ಕೋ ಮಗಳೇ."

"ನಾನ್ಯಾಕೆ?" ಎಂದು ನಗುತ್ತ ಅವಳು ರಕ್ತದಕ್ಕನ ಕಡೆ ನೋಡಿದಳು. ರಕ್ತದಕ್ಕನ ಕಣ್ಣು ಅವಳ ಎಡತೋಳಿನ ಮೇಲಿತ್ತು. ಪಿಟೀಲು ತಾನೂ ಆ ತೋಳನ್ನು ನೋಡಿಕೊಂಡಳು. ನಗು ಮುಖದ ಮೇಲೇ ಉಳಿದಿತ್ತು, ಅದನ್ನು ತೆಗೆಯಲು ಅವಳು ಮರೆತಿದ್ದಳು.

"ಅಕ್ಕ," ಎಂದಳು, "ಆ ಮಂಗಳವಾರ ನೀನು ಯಾವ ನಳಿಕೆಯಿಂದ ತಗೊಂಡೆ?"